ಹೊಗೆಯಕ್ಕ ಬರೆದ ಪುಸ್ತಕ

ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಜನ ಬೆನ್ನ ಹಿಂದೆ ಹೊಗೆಯಕ್ಕ ಎನ್ನುತ್ತಿದ್ದರು. ಅವಳು ಸೇದುತ್ತಿದ್ದಳೆಂದಲ್ಲ, ಸೇದುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ ನಿಲ್ದಾಣವಿರಲಿ, ಮದುವೆ ಮನೆಯಿರಲಿ, ಬೆರಳ ಸಂದಿಯಲ್ಲಿ ಸಿಗರೇಟು ಕಂಡರೆ ಸಾಕು, ಎದುರಿಗೆ ನಿಂತು ಶ್ವಾಸಕೋಶದ ಪಾಠ ಶುರು ಮಾಡುವಳು. ಬೀಗರನ್ನೂ ಬಿಟ್ಟವಳಲ್ಲ.

ಅದನ್ನೇ ಒಂದು ಪುಸ್ತಕ ಮಾಡು ಎಂದು ಇಲಾಖೆಯ ಮೇಲಿನವರು ಹೇಳಿದಾಗ ಅವಳಿಗೆ ಹಿಗ್ಗೋ ಹಿಗ್ಗು. ಆದರೆ ಮನೆಯಲ್ಲಿ ಅತ್ತೆಯ ಔಷಧಿ, ಮೊಮ್ಮಗಳ ರಂಪ. ಪೆನ್ನು ಹಿಡಿದರೆ ಕುಕ್ಕರ್ ಕೂಗುತ್ತಿತ್ತು. ರಜೆ ಹಾಕಿ, ಬರೆಯುವವರಿಗೆಂದೇ ಇದ್ದ ತಂಗುಮನೆಯೊಂದಕ್ಕೆ ಹೋದಳು.

ಅಲ್ಲಿ ಮೇಜು, ಕಿಟಕಿ, ಮೌನ ಎಲ್ಲ ಇತ್ತು. ಬರವಣಿಗೆ ಮಾತ್ರ ಮುಂದಕ್ಕೆ ಹೋಗಲಿಲ್ಲ. ಸೇದಬೇಡಿ, ಬಿಟ್ಟುಬಿಡಿ, ಸತ್ತುಹೋಗುತ್ತೀರಿ. ಓದಿದರೆ ಬರೆದವಳಿಗೇ ಆಕಳಿಕೆ.

ಪಕ್ಕದ ಕೋಣೆಯಲ್ಲಿ ವಯಸ್ಸಾದ ಕವಯಿತ್ರಿಯೊಬ್ಬರಿದ್ದರು. ಒಂದು ಮಧ್ಯಾಹ್ನ ನರ್ಸಮ್ಮ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದರೆ, ನೀರಿನ ಟ್ಯಾಂಕಿನ ಮರೆಯಲ್ಲಿ ಆಕೆ ಕುಕ್ಕರಗಾಲಲ್ಲಿ ಕೂತು ಸೇದುತ್ತಿದ್ದರು. ಇವಳನ್ನು ಕಂಡದ್ದೇ, ಉರಿಯುವ ಸಿಗರೇಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಅಂಗೈ ಸುಟ್ಟಿತು. ಪಾಠ ನಾಲಿಗೆಯ ತುದಿಗೆ ಬಂದಿತ್ತು. ನರ್ಸಮ್ಮ ಅದನ್ನು ನುಂಗಿಕೊಂಡು ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಮುಲಾಮು ಹಚ್ಚುತ್ತಾ, ಯಾವಾಗಿನಿಂದ ಎಂದಷ್ಟೇ ಕೇಳಿದಳು.

“ಅವರು ಹೋದ್ಮೇಲೆ,” ಎಂದರು ಕವಯಿತ್ರಿ. “ಷರಟಿನ ಜೇಬಲ್ಲಿ ಪ್ಯಾಕೆಟ್ಟು ಹಾಗೇ ಇತ್ತು. ಒಂದು ಹಚ್ಚಿದೆ. ಮನೆ ತುಂಬ ಅವರ ವಾಸನೆ ಬಂತು.”

ನರ್ಸಮ್ಮ ಮುಲಾಮಿನ ಮುಚ್ಚಳ ಹಾಕಿದಳು. ಬಿಡಬೇಕು ಅನ್ನಿಸಿಲ್ಲವೇ ಎಂದಳು.

“ದಿನಾ ಅನ್ಸುತ್ತೆ. ಯಾರಿಗೆ ಹೇಳ್ಲಿ? ಬಿಡ್ತೀನಿ ಅನ್ನೋಕೆ ಮೊದಲು ಸೇದ್ತೀನಿ ಅಂತ ಒಪ್ಕೋಬೇಕಲ್ಲ. ಈ ವಯಸ್ಸಿನ ಹೆಂಗಸು.”

ತನ್ನ ಮುಂದೆ ಎಷ್ಟು ಜನ ಹೀಗೆ ಮುಷ್ಟಿ ಬಿಗಿಹಿಡಿದು ನಿಂತಿದ್ದರೋ ಎಂಬ ಯೋಚನೆ ಅವಳನ್ನು ಸುಮ್ಮನೆ ಬಿಡಲಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿದಳು. ಮೊದಲ ಸಿಗರೇಟು ಯಾಕೆ ಹಚ್ಚಿದಿರಿ ಎಂಬಲ್ಲಿಂದ ಮತ್ತೆ ಶುರು ಮಾಡಿದಳು. ಕಾಯಿಲೆಗಳ ವಿಷಯದಲ್ಲಿ ಒಂದು ಸಾಲೂ ಮೆತ್ತಗೆ ಮಾಡಲಿಲ್ಲ, ಬೈಗುಳವನ್ನಷ್ಟೇ ತೆಗೆದಳು.

ಸೇದುವವರನ್ನು ತಲೆ ಮೇಲೆ ಕೂರಿಸಿಕೊಂಡಿದ್ದೀಯ ಎಂದು ಮೇಲಿನವರು ಗೊಣಗಿದರು, ಆಮೇಲೆ ಅಚ್ಚು ಹಾಕಿಸಿದರು. ಬಿಡಬೇಕೆನ್ನುವವರು ಗುಟ್ಟಾಗಿ ಬಂದು ಮಾತಾಡಲೆಂದು ಅವಳು ಕೇಂದ್ರದ ಉಗ್ರಾಣವನ್ನು ಖಾಲಿ ಮಾಡಿಸಿ, ಎರಡು ಕುರ್ಚಿ ಹಾಕಿ, ಬಾಗಿಲಿಗೆ ಪರದೆ ಕಟ್ಟಿಸಿದಳು. ಮೊದಮೊದಲು ಯಾರೂ ಬರಲಿಲ್ಲ. ನಂತರ ಒಬ್ಬ ಬಸ್ ಚಾಲಕ ಬಂದ, ಒಬ್ಬ ಮೇಷ್ಟರು ಬಂದರು.

ಒಂದು ಬೆಳಿಗ್ಗೆ ಕವಯಿತ್ರಿಯೂ ಬಂದು ಕೂತರು. ಆಕೆ ಬಿಟ್ಟರು, ಮತ್ತೆ ಹಚ್ಚಿದರು, ಮತ್ತೆ ಬಂದರು. ಪ್ರತಿ ಸಲವೂ ನರ್ಸಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಈ ಸಲ ಏನಾಯಿತು ಎಂದು ಕೇಳುತ್ತಿದ್ದಳು.