ನಲ್ಲಿ ಹಾಡಿಗೆ ಅಭಿನಯ

ನಮ್ಮ ಕಡೆ ಮಕ್ಕಳಿಗಾಗಿ ಹಾಡು ಕಟ್ಟಿ ರಾಗ ಹಾಕಿದ ಮೊದಲ ಹೆಂಗಸು ನಾನಂತೆ. ಸನ್ಮಾನ ಮಾಡುವಾಗಲೆಲ್ಲ ಮೈಕಿನಲ್ಲಿ ಹೇಳುತ್ತಾರೆ. ಎರಡನೆಯವಳು ಬಂದಳೇ ಎಂದು ಇವತ್ತಿನವರೆಗೆ ಒಬ್ಬರೂ ವಿಚಾರಿಸಿಲ್ಲ. ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಊಟಕ್ಕೆ ಓಡುತ್ತಾರೆ.

ಹೊಳಲ್ಕೆರೆಯ ಅಂಚಿನ ಒಂದು ಅಂಧ ಮಕ್ಕಳ ಶಾಲೆಯಲ್ಲಿ ನಾನು ಸಂಗೀತದ ಟೀಚರ್. ಹೊಸದಾಗಿ ಸೇರಿದ ಮಕ್ಕಳು ಅಂಗಳ ದಾಟಿ ನಲ್ಲಿಯ ಹತ್ತಿರ ಹೋಗಲು ಹೆದರುತ್ತಿದ್ದವು. ಅವಕ್ಕಾಗಿ 'ತೊಟ್ ತೊಟ್ ನಲ್ಲಿ, ನೀನಿರೋದು ಎಲ್ಲಿ' ಎಂದು ಒಂದು ಹಾಡು ಕಟ್ಟಿದೆ. ತಾಳಕ್ಕೊಂದು ಹೆಜ್ಜೆ. ಮೆಟ್ಟಿಲು ಹತ್ತುವಲ್ಲಿ ಸ್ವರ ಏರುತ್ತದೆ, ಇಳಿಯುವಲ್ಲಿ ಇಳಿಯುತ್ತದೆ. ಹಾಡು ಮುಗಿಯುವಷ್ಟರಲ್ಲಿ ಕೈ ನಲ್ಲಿಯ ಮೇಲಿರುತ್ತದೆ. ಇದು ಯಾವ ರಾಗ ಎಂದು ಒಬ್ಬ ವಿದ್ವಾಂಸರು ಮೂಗು ಮುರಿದರು. ನೀರು ಸಿಗುವ ರಾಗ ಎಂದೆ.

ಆಮೇಲೆ ಈ ಹಾಡನ್ನು ಕಣ್ಣಿರುವ ಮಕ್ಕಳ ನರ್ಸರಿಗಳು ಎತ್ತಿಕೊಂಡು ಹೋದವು. ಕದ್ದರು ಎನ್ನಬಾರದಂತೆ, ಅಳವಡಿಸಿಕೊಂಡರು ಎನ್ನಬೇಕಂತೆ. ಪುಸ್ತಕದಲ್ಲಿ ಹಾಡಿನ ಕೆಳಗೆ 'ಜನಪದ' ಎಂದು ಅಚ್ಚು ಹಾಕಿದರು. ಬದುಕಿರುವಾಗಲೇ ಜನಪದವಾದ ಭಾಗ್ಯ ನನ್ನದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಸಾಲದ್ದಕ್ಕೆ ಅಭಿನಯ ಬೇರೆ ಸೇರಿಸಿದರು: ಕಣ್ಣು ಮುಚ್ಚುವುದು, ಕೈ ಚಾಚಿ ತಡಕಾಡುವುದು.

ಹೋದ ವರ್ಷ ತಾಲ್ಲೂಕಿನ ಗಾಯನ ಸ್ಪರ್ಧೆಗೆ ನಮ್ಮ ಶಾಲೆಯ ಒಬ್ಬಳು ಹುಡುಗಿಯನ್ನು ಕರೆದುಕೊಂಡು ಹೋದೆ. ಹೊಸದುರ್ಗದ ಕಡೆಯ ಕುರಿಗಾಹಿಯ ಮಗಳು. ಗೆದ್ದವರಿಗೆ ಚಿತ್ರದುರ್ಗದಲ್ಲಿ ಹಾಡುವ ಅವಕಾಶ. ಅವಳಿಗೆ ನಿದ್ದೆಯಲ್ಲೂ ಅದೇ ಕನವರಿಕೆ. ಅವರಪ್ಪ ಕುರಿಯನ್ನು ತಮ್ಮನಿಗೆ ಒಪ್ಪಿಸಿ, ಒಗೆದ ಅಂಗಿ ತೊಟ್ಟು ಬಂದಿದ್ದ. "ದುರ್ಗಕ್ಕೆ ಹೋಗ್ತೀವಿ ಅಂತ ಊರಾಗೆಲ್ಲ ಹೇಳಿ ಬಂದೀನಿ ಟೀಚರ್," ಎಂದ.

ಹುಡುಗಿ ನಲ್ಲಿ ಹಾಡನ್ನೇ ಹಾಡಿದಳು. ನೆಟ್ಟಗೆ ನಿಂತು, ಒಂದು ಸ್ವರವೂ ಜಾರದ ಹಾಗೆ. ಅವಳ ನಂತರ ಒಬ್ಬ ಕಾನ್ವೆಂಟ್ ಹುಡುಗ ಅದೇ ಹಾಡಿಗೆ ಕರಿ ಕನ್ನಡಕ ಹಾಕಿ, ಕೋಲು ಹಿಡಿದು ಬಂದ. ಶ್ರುತಿ ಒಂದು ಕಡೆ, ಅವನೊಂದು ಕಡೆ. ಆದರೆ ಎಡವಿದ, ತಡಕಾಡಿದ, ಕೊನೆಗೆ ದೊಪ್ಪನೆ ಬಿದ್ದ. ತಾಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಅವನಿಗೇ ಹೋಯಿತು.

ನಾನು ತೀರ್ಪುಗಾರರ ಟೇಬಲ್ಲಿಗೆ ಹೋಗಿ ಕೇಳಿದೆ.

"ಹುಡುಗಿ ಕಂಠ ಚೆನ್ನಾಗೈತ್ರಿ ಮೇಡಂ. ಅಭಿನಯ ಸಾಲ್ದು. ಕುರುಡರ ಪಾತ್ರ ಅಂದ್ಮೇಲೆ ಒಂಚೂರು ತಡಕಾಡಬೇಕಲ್ರಿ?"

"ಅವಳಿಗೆ ನಿಜವಾಗ್ಲೂ ಕಣ್ಣು ಕಾಣಲ್ಲ ಸ್ವಾಮಿ."

"ಗೊತ್ತೈತ್ರಿ. ಆದ್ರೂ ನೋಡೋರಿಗೆ ಹಂಗೆ ಅನ್ನಿಸ್ಬೇಕಲ್ಲ."

ಹೊರಗೆ ಬಂದರೆ ಅವಳ ಅಪ್ಪ ಗೋಡೆಗೊರಗಿ ಕೂತಿದ್ದ. ಊರಿಗೆ ಹೋಗಿ ಏನು ಹೇಳಲಿ ಎಂದು ಅವನ ಮುಖವೇ ಕೇಳುತ್ತಿತ್ತು. ಹುಡುಗಿ ಅತ್ತು ಅತ್ತು ಸುಮ್ಮನಾಗಿದ್ದಳು.

"ದೊಪ್ ಅಂತು, ಆ ಹುಡ್ಗ ಬಿದ್ನಾ ಟೀಚರ್?"

"ಬಿದ್ದಂಗೆ ಮಾಡಿದ ಕಣಮ್ಮ. ನೀವೆಲ್ಲ ಹಂಗೆ ನಡೀತೀರ ಅಂತ ತೋರಿಸ್ದ."

ಅವಳಿಗೆ ನನ್ನ ಮಾತು ತಲೆಗೆ ಹತ್ತಲೇ ಇಲ್ಲ.

"ಈ ಹಾಡು ಹೇಳ್ಕಂಡು ಹೆಂಗೆ ಬೀಳ್ತಾರೆ ಟೀಚರ್? ದಾರಿ ಅದ್ರಾಗೇ ಐತಲ್ಲ!"