ಅಳತೆ ಬ್ಲೌಸು

ನಮ್ಮ ಕಡೆಯ ಹೆಂಗಸರ ಬೀರುವಿನಲ್ಲಿ, ಮಡಿಸಿಟ್ಟ ಸೀರೆಗಳ ಪಕ್ಕ, ಬಣ್ಣ ಮಾಸಿದ ಒಂದು ರವಿಕೆ ಇದ್ದೇ ಇರುತ್ತದೆ. ಅದನ್ನು ಯಾರೂ ತೊಡುವುದಿಲ್ಲ, ಎಸೆಯುವುದೂ ಇಲ್ಲ, ಏಕೆಂದರೆ ಅದು ಅಳತೆ ಬ್ಲೌಸು. ಹೊಸದು ಹೊಲಿಸುವಾಗ ಬಟ್ಟೆಯ ಜೊತೆ ಅದನ್ನೂ ಕೊಟ್ಟುಬಿಟ್ಟರೆ ಟೇಪಿನ ಮುಂದೆ ಕೈಯೆತ್ತಿ ನಿಲ್ಲುವ ಸಂಕೋಚವಿಲ್ಲ ನೋಡಿ. ಹೊಸನಗರದ ಜಲಜಕ್ಕ ಇಪ್ಪತ್ತು ವರ್ಷದಿಂದ ನನಗೆ ಹೊಲಿಯುತ್ತಿದ್ದರೂ, ಮೈಮೇಲೆ ಟೇಪು ಹಿಡಿದದ್ದು ಮೊದಲ ಸಲ ಮಾತ್ರ.

ಟೈಲರ್ ಎಂಬ ಇಂಗ್ಲಿಷ್ ಪದದ ಬುಡದಲ್ಲಿ ಇರುವುದು ಕತ್ತರಿಸುವ ಕೆಲಸವಂತೆ. ಪಾರಸಿಯಿಂದ ಬಂದ ದರ್ಜಿಯ ಬುಡದಲ್ಲಿ ಹೊಲಿಗೆಯಂತೆ. ನಮ್ಮದೇ ಸಿಂಪಿಗ ಎಂಬ ಹಳೆಯ ಹೆಸರೂ ಉಂಟು. ಆದರೆ ನಮ್ಮೂರ ಬಾಯಲ್ಲಿ ಟೈಲರ್ ಎನ್ನುವುದು ಕಸುಬಿಗಿಂತ ಹೆಚ್ಚಾಗಿ ಮನೆತನದ ಹೆಸರಿನಂತೆ ಬಳಕೆಯಾಗುತ್ತದೆ: ಟೈಲರ್ ಜಲಜಕ್ಕ, ಟೈಲರ್ ಮನೆ, ಟೈಲರ್ ಅಂಗಡಿ ತಿರುವು. ಲಗ್ನಪತ್ರಿಕೆಯ ಮೇಲೂ ನಾವು ಹಾಗೆಯೇ ಬರೆದು ಕೊಡುತ್ತೇವೆ.

ಇಂಥ ಪದವಿಚಾರದಲ್ಲಿ ಹೊತ್ತು ಕಳೆಯುತ್ತಿದ್ದವಳಿಗೆ ಹೋದ ವರ್ಷ ಎಡಗಡೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯವರು ಆ ಮೊಲೆಯನ್ನೇ ತೆಗೆದರು. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ್ದೂ ಆಯಿತು. ಅವರ ಮಾತನ್ನು ನನ್ನ ಮನಸ್ಸು ಮಾತ್ರ ಒಪ್ಪಲೊಲ್ಲದಾಯಿತು. ಅಷ್ಟರಲ್ಲಿ ಸಾಗರದಲ್ಲಿ ತಂಗಿಯ ಮಗಳ ಮದುವೆ ನಿಶ್ಚಯವಾಯಿತು. ನಾನೇ ಎಣ್ಣೆ ಹಚ್ಚಿ ನೀರೆರೆದ ಹುಡುಗಿ. ಹಳೆಯ ರವಿಕೆ ತೊಟ್ಟರೆ ಒಂದು ಕಡೆ ಜೋತುಬೀಳುತ್ತದೆ, ಹೊಸದು ಹೊಲಿಸಬೇಕೆಂದರೆ ಯಾರ ಮುಂದಾದರೂ ನಿಲ್ಲಬೇಕು. ಗುರುತಿಲ್ಲದವರೇ ವಾಸಿಯೆಂದು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿಯ ಅಂಗಡಿಯ ಹುಡುಗಿ, "ಅಳತೆ ಬ್ಲೌಸ್ ಇಲ್ವಾ ಆಂಟಿ? ಹಂಗಾದ್ರೆ ಬನ್ನಿ, ಕೈ ಎತ್ತಿ" ಎಂದದ್ದೇ ತಡ, ಮರೆತು ಬಂದೆನೆಂದು ಸುಳ್ಳು ಹೇಳಿ ಓಡಿ ಬಂದೆ. ಕಾಲುನೋವೆಂಬ ನೆವ ಹೇಳಿ ಮದುವೆಯನ್ನೇ ತಪ್ಪಿಸಿಕೊಳ್ಳೋಣ ಎಂದುಕೊಂಡು ಬಸ್ಸಿನಲ್ಲಿ ಅತ್ತೆ.

ಆದರೂ ಬಸ್ಸಿಳಿದ ಕಾಲು ಜಲಜಕ್ಕನ ಅಂಗಡಿಯ ಕಡೆಗೇ ಹೋಯಿತು.

"ಎಂತ ಮಾರಾಯ್ತಿ, ಬರೀ ಬಟ್ಟೆ ತಂದಿದೀಯ? ಅಳತೆ ಬ್ಲೌಸೆಲ್ಲಿ?"

"ಅದಿನ್ನು ಬರಲ್ಲ ಜಲಜಕ್ಕ. ಎಡಗಡೆ ತೆಗ್ದುಬಿಟ್ಟಿದಾರೆ."

ಮಿಷನ್ನು ನಿಂತಿತು. ಅಯ್ಯೋ ಪಾಪ ಎನ್ನುತ್ತಾರೆಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಅವರು ಪರದೆ ಎಳೆದು, ಕೊರಳ ಟೇಪು ತೆಗೆದು ಬಲಗಡೆ ಹಿಡಿದರು, ಎಡಗಡೆ ಹಿಡಿದರು, ಚೀಟಿಯಲ್ಲಿ ಗೀಚಿಕೊಂಡರು. ಎರಡು ಕಡೆಗೆ ಎರಡು ಅಳತೆ ಇಟ್ಟು ಹೊಲಿಯಲಾದೀತೇ ಎಂದು ಕೇಳಿದೆ. ಆ ಪುಣ್ಯಾತಗಿತ್ತಿ ನಕ್ಕೇ ಬಿಟ್ಟರು.

"ಇದೊಳ್ಳೆ ಕತೆ! ಎರಡೂ ಕಡೆ ಒಂದೇ ಅಳತೆ ಇರೋ ಹೆಂಗಸ್ನ ನಾನಿನ್ನೂ ನೋಡ್ಬೇಕಷ್ಟೆ. ನಿಂದೂ ಮೊದ್ಲಿಂದ ಅರ್ಧ ಇಂಚು ಹೆಚ್ಚು ಕಮ್ಮಿನೇ. ನಾನು ಹೇಳಿರ್ಲಿಲ್ಲ, ನಿಂಗೆ ಗೊತ್ತಾಗಿರ್ಲಿಲ್ಲ. ಒಳಗೊಂದು ಜೇಬು ಇಡ್ತೀನಿ, ಹತ್ತಿ ತುಂಬ್ಕೋ. ಬೇಡ ಅನ್ಸಿದ್ರೆ ಖಾಲಿ ಬಿಡು."

ಹಾಗಾದರೆ ಇಷ್ಟು ವರ್ಷ ಈ ಊರಿನ ಹೆಂಗಸರೆಲ್ಲ ಸರಿಸಮವಾಗಿ ಕಾಣುತ್ತಿದ್ದದ್ದು ಈಕೆಯ ಸೂಜಿಯ ದಯೆಯಿಂದ! ಆಪರೇಷನ್ನಾದ ಮೇಲೆ ಮೊದಲ ಸಲ ನಾನು ಗಟ್ಟಿಯಾಗಿ ನಕ್ಕೆ, ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಡಾಕ್ಟರಿಂದ ಆಗದ ಸಮಾಧಾನ ಆ ಅರ್ಧ ಇಂಚಿನಿಂದ ಆಯಿತು.

ಆ ರವಿಕೆ ತೊಟ್ಟು ಸಾಗರದ ಮದುವೆಯಲ್ಲಿ ಎರಡು ದಿನವೂ ಮುಂದೆ ನಿಂತು ಓಡಾಡಿದೆ. ಹಿಂತಿರುಗಿದ ಮೇಲೆ, ಅರಿಶಿನ ಕುಂಕುಮಕ್ಕೆ ಕರೆದವರು ಕೊಟ್ಟ ರವಿಕೆ ಕಣಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದೆ. ಇನ್ನು ಯಾರು ತೊಡುವುದು ಎಂದು ಹಂಚಿಬಿಡಲು ಇಟ್ಟಿದ್ದವು ಅವು. ಎಣಿಸಿದರೆ ಒಂಬತ್ತು. ಹೊತ್ತುಕೊಂಡು ಹೋಗಿ ಜಲಜಕ್ಕನ ಮುಂದೆ ಸುರಿದೆ.

"ಇಷ್ಟೊಂದಾ! ಈಗ್ಲೇ ಹೇಳ್ತೀನಿ, ದೀಪಾವಳಿ ಒಳಗೆ ಖಂಡಿತ ಆಗಲ್ಲ."

"ಮುಂದಿನ ವರ್ಷದ ದೀಪಾವಳಿಗೆ ಕೊಡಿ ಜಲಜಕ್ಕ," ಎಂದೆ. "ನಾನಿರ್ತೀನಿ."