ಕಣ್ಣಿನ ಮದ್ದೂ ದೊಡ್ಡಮಾವನ ನಶ್ಯವೂ

ಬೆಳಿಗ್ಗೆ ಸೊಸೆ ನನ್ನ ಕಣ್ಣಿಗೆ ಹನಿ ಮದ್ದು ಬಿಟ್ಟಳು. ಒಳ್ಳೆಯ ರೋಗಿಯ ಹಾಗೆ ಕಣ್ಣು ಮುಚ್ಚಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ. ಬೇವಿನ ಕಷಾಯ ಕುಡಿದವಳಂತೆ ಮುಖ ಸಿಂಡರಿಸಿದ್ದು ಮದ್ದಿಗಲ್ಲ. ಸತ್ತು ಎಷ್ಟೋ ಕಾಲವಾದ ನಮ್ಮ ಮಾವನ ಅಣ್ಣ, ದೊಡ್ಡಮಾವನ ಮೇಲಿನ ಸಿಟ್ಟಿಗೆ. ಸತ್ತವರ ಮೇಲೆ ಸಿಟ್ಟಿರಬಾರದು ಅನ್ನುತ್ತೀರಿ. ಇರಲಿ, ಪೂರ್ತಿ ಕೇಳಿ ಆಮೇಲೆ ಹೇಳಿ.

"ಅತ್ತೆ, ಕಣ್ಣಿನ ಮೂಲೆ ಒತ್ತಿ ಹಿಡ್ಕೊಳ್ಳೋದು ಮರ್ತ್ರಾ? ಡಾಕ್ಟ್ರು ಹೇಳಿರ್ಲಿಲ್ವಾ" ಅಂದಳು ಸೊಸೆ.

ಹೇಳಿದ್ದರು. ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತಿದೆಯಂತೆ. ಕಣ್ಣೀರು ಅಲ್ಲಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಇಳಿಯುತ್ತದಂತೆ. ಅತ್ತಾಗ ಮೂಗು ಸುರಿಯುವುದೂ ಅದಕ್ಕೇ. ಮದ್ದೂ ಅದೇ ದಾರಿ ಹಿಡಿಯುತ್ತದೆ. ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ದಾರಿ ಬಂದ್. ಇಷ್ಟು ತಿಳಿಯದೆ ನಮ್ಮ ಮನೆಯಲ್ಲಿ ಒಂದು ಕಣ್ಣು ಹೋಯಿತು.

ಯುದ್ಧದ ಕಾಲ, ಸೀಮೆಎಣ್ಣೆಗೂ ಸರದಿ ನಿಲ್ಲಬೇಕಿದ್ದ ಕಾಲ. ಹೊಸೂರು ಕಡೆಯ ಬೇರಿಕೆ ಎಂಬ ಹಳ್ಳಿಯ ಆ ಮನೆಗೆ ನಾನು ಹೊಸ ಸೊಸೆ. ನನ್ನ ಗಂಡನ ಚಿಕ್ಕಮ್ಮ, ಎಂದರೆ ನನ್ನ ಚಿಕ್ಕತ್ತೆಗೆ, ಒಂದು ಕಣ್ಣು ಕೆಂಪಾಗಿ ಬೆಳಕು ಕಂಡರೆ ಚುಚ್ಚಿದಂತಾಗುತ್ತಿತ್ತು. ಗಾಡಿ ಕಟ್ಟಿಕೊಂಡು ಹೊಸೂರಿಗೆ ಹೋದೆವು. ಡಾಕ್ಟರು ಮದ್ದಿನ ಸೀಸೆ ಕೊಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಡದೆ ಹಾಕಿ, ತಪ್ಪಿಸಿದರೆ ದೃಷ್ಟಿ ಹೋಗುತ್ತದೆ ಎಂದು ತಮಿಳಿನಲ್ಲೂ ತೆಲುಗಿನಲ್ಲೂ ಹೇಳಿದರು. ದೊಡ್ಡಮಾವ ಎರಡು ಭಾಷೆಗೂ ತಲೆಯಾಡಿಸಿದರು.

ಅಷ್ಟರಲ್ಲಿ ಅವರು ಒಂದು ಹರಕೆಯನ್ನೂ ಹೊತ್ತುಬಿಟ್ಟಿದ್ದರು: ಕಣ್ಣು ವಾಸಿಯಾಗಲೆಂದು ಶ್ರಾವಣ ಪೂರ್ತಿ, ಹೊತ್ತು ಮುಳುಗುವವರೆಗೆ ಗಂಟಲಿಗೆ ಏನೂ ಇಳಿಯಕೂಡದು. ಹರಕೆ ಹೊತ್ತವರು ಅವರು; ಉಪವಾಸವಿರಬೇಕಾದವಳು ಚಿಕ್ಕತ್ತೆ. ನಮ್ಮ ಮನೆಯ ಗಂಡಸರ ಭಕ್ತಿಯೆಲ್ಲ ಹೀಗೆ ಹೆಂಗಸರ ಹೊಟ್ಟೆಯ ಮೇಲೆಯೇ ನಡೆಯುತ್ತಿತ್ತು.

ಶ್ರಾವಣದ ಮೊದಲ ಬೆಳಿಗ್ಗೆ ಹನಿ ಬಿಟ್ಟವಳು ನಾನು. ಚಿಕ್ಕತ್ತೆ ಬಾಯಿ ಚಪ್ಪರಿಸಿದಳು. "ಇದೇನಮ್ಮಿ, ಕಣ್ಣಿಗ್ ಬುಟ್ರೆ ಗಂಟ್ಲೆಲ್ಲ ಕಹಿ ಕಹಿ ಆಯ್ತದೆ?"

ಜಗಲಿಯ ಮೇಲಿದ್ದ ದೊಡ್ಡಮಾವನ ಕಿವಿ ನೆಟ್ಟಗಾಯಿತು. ಎದ್ದು ಬಂದರು. ನಶ್ಯದ ಬೆಳ್ಳಿ ಡಬ್ಬಿ ತೆರೆದು ಒಂದು ಚಿಟಿಕೆ ಏರಿಸಿ, ಹೈಕೋರ್ಟಿನ ಜಡ್ಜಿಯ ಗಾಂಭೀರ್ಯದಿಂದ ತೀರ್ಪು ಕೊಟ್ಟರು: "ಗಂಟ್ಲಿಗ್ ಇಳೀತು ಅಂದ್ರೆ ಉಂಡಂಗೆ. ಹೊತ್ತು ಮುಳುಗೋಗಂಟ ಮದ್ದು ಬ್ಯಾಡ."

"ಡಾಕ್ಟ್ರು ಮೂರೊತ್ತು ಅಂದವ್ರೆ ಬಾವ. ನಂಗೆ ಕಣ್ಣು ಬೇಕು."

"ದೇವ್ರಿಗಿಂತ ಡಾಕ್ಟ್ರು ದೊಡ್ಡೋನಾ?"

ಚಿಕ್ಕತ್ತೆ ಒಳ್ಳೆಯ ಕಣ್ಣಿನಿಂದ ಆ ಡಬ್ಬಿಯನ್ನೇ ನೋಡಿದಳು. "ಶನ್ವಾರ ನಿಮ್ದೂ ಉಪಾಸ. ಆವತ್ತು ಏರಿಸ್ಕೊಂಡ ನಶ್ಯ ಎಲ್ಲಿಗೋಯ್ತದೆ ಬಾವ? ಕ್ಯಾಕರಿಸಿ ಉಗಿಯೋದು ಗಂಟ್ಲಿಂದ್ಲೇ ಅಲ್ವಾ?"

"ಅದು ಮೂಗಿನ್ ಇಸ್ಯ" ಅಂದರು. ಕೋರ್ಟು ಮುಗಿಯಿತು. ಸೀಸೆ ಅವರ ಪೆಟ್ಟಿಗೆಯೊಳಗೆ ಸೇರಿತು. ದೀಪ ಹಚ್ಚಿದ ಮೇಲೆ ಒಂದು ಸಲ ಹೊರಗೆ ಬರುತ್ತಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಆ ಕಣ್ಣಿಗೆ ಹಗಲೂ ರಾತ್ರಿಯೂ ಒಂದೇ ಆಗಿತ್ತು. ಮತ್ತೆ ಹೊಸೂರಿಗೆ ಹೋದಾಗ ಡಾಕ್ಟರು ಮೇಜು ಗುದ್ದಿ ಬೈದರು. "ಹಾಕಿದ್ವಲ್ಲ ಸ್ವಾಮಿ, ಹರಕೆಗೆ ಲೋಪ ಬರ್ದಂಗೆ" ಎಂದು ದೊಡ್ಡಮಾವ ಇನ್ನೊಂದು ಚಿಟಿಕೆ ಏರಿಸಿದರು. ಆಮೇಲೆ ಚಿಕ್ಕತ್ತೆ ಆ ಮನುಷ್ಯನಿಗೆ ಊಟ ಬಡಿಸಿದಳು, ಮಾತಾಡಲಿಲ್ಲ. ಅವರು ಬಂದು ಕೂತರೆ ಕುರುಡು ಕಣ್ಣಿನ ಪಕ್ಕವನ್ನೇ ಅವರ ಕಡೆ ಮಾಡಿ ಕೂರುವಳು.

ಆ ಬೆಳ್ಳಿ ಡಬ್ಬಿ ಹಿರಿಯರ ನೆನಪೆಂದು ನಮ್ಮ ದೇವರ ಗೂಡಿನಲ್ಲಿದೆ. ಹಬ್ಬಕ್ಕೊಮ್ಮೆ ಕುಂಕುಮ ಇಡಿಸಿಕೊಳ್ಳುತ್ತದೆ.

ಮಧ್ಯಾಹ್ನದ ಹನಿಗೆ ಮೂಲೆ ಒತ್ತಿ ಹಿಡಿದೆ. ಕಹಿ ಬರಲಿಲ್ಲ. ಒಂದು ಬೆರಳು, ಅಷ್ಟೇ. ಬಂದಿದ್ದರೇ ವಾಸಿಯಿತ್ತು, ಬರದಿದ್ದಕ್ಕೆ ಮೈಯೆಲ್ಲ ಉರಿಯಿತು.

"ಆ ಡಬ್ಬಿ ಇಳಿಸಮ್ಮ ಅಲ್ಲಿಂದ" ಅಂದೆ. "ಮದ್ದಿನ ಸೀಸೆ ಅಲ್ಲಿಡು."

"ಕಣ್ಣಿನ ಮದ್ದಿಗೂ ತಾತನ ಡಬ್ಬಿಗೂ ಏನತ್ತೆ ಸಂಬಂಧ?"

"ಕಣ್ಣಿಗೂ ಗಂಟ್ಲಿಗೂ ಇರೋದೇ ಕಣಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಡಬ್ಬಿ ಮಾತ್ರ ಇಳಿಯಿತು.